ಮೋಡದ ಹೊರಗಿನ ನಕ್ಷತ್ರ

ಮೊನ್ನೆ ಈ ಪರದೇಶದ ಊರಿನ ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ನೀಲಗಿರಿ ಎಣ್ಣೆಯ ವಾಸನೆ ಬಂದಾಗ, ತಿರುಗಿ ನೋಡುವ ಮೊದಲೇ ವಾಸುದೇವರಾಯರೆಂದು ತಿಳಿಯಿತು. ಕಂಪ್ಯೂಟರಿನ ಪರದೆ ನೋಡಿ ಕಣ್ಣು ದಣಿದಾಗ ಅವರು ಹಣೆಗೆ ಸವರಿಕೊಳ್ಳುತ್ತಿದ್ದುದು ಅದನ್ನೇ.

ರಾಯರು ಬೆಂಗಳೂರಿನಿಂದ ಬಂದ ಇಂಜಿನಿಯರು. ನಾನು ಇಲ್ಲಿಯ ಹೇಸ್ ಎಂಬ ಊರಿನ ಗೋದಾಮಿನಲ್ಲಿ ದುಡಿದು, ಲೈಬ್ರರಿಯ ಪುಸ್ತಕಗಳಿಂದ ಖಗೋಳ ಕಲಿತ ಧಾರವಾಡದವನು. ಕಲಿತೆನೆನ್ನುವುದಕ್ಕಿಂತ ಪುಸ್ತಕಗಳೊಡನೆ ಜಗಳವಾಡಿದೆನೆಂದರೆ ಸರಿ. ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದುದೆಲ್ಲವನ್ನೂ, ನಾವು ಉಸಿರಾಡುವ ಆಮ್ಲಜನಕವನ್ನು ಕೂಡ, ಲೋಹವೆಂದು ಕರೆಯುವ ಖಗೋಳಜ್ಞರ ಮಾತನ್ನು ನೀವಾದರೂ ಕೇಳಿದೊಡನೆ ಒಪ್ಪುವಿರಾ?

ಅಂಥ ಲೋಹ ಕಡಿಮೆಯಿರುವ ಒಂದು ಸಣ್ಣ ಗೆಲಾಕ್ಸಿಯಲ್ಲಿ ಎಳೆಯ ನಕ್ಷತ್ರಗಳನ್ನು ಹುಡುಕುವುದು ಆಗ ನಮ್ಮ ಭಾನುವಾರಗಳ ಹವ್ಯಾಸವಾಗಿತ್ತು. ಬೇರೆ ಬೇರೆ ವರ್ಷ ದೂರದರ್ಶಕದಿಂದ ತೆಗೆದ, ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟ ಎರಡು ಚಿತ್ರಗಳನ್ನು ರಾಯರ ಮನೆಯ ಪರದೆಯ ಮೇಲೆ ಅದಲುಬದಲಾಗಿ ತೋರಿಸಿದರೆ, ಬೆಳಕು ಬದಲಾದ ನಕ್ಷತ್ರ ಮಿಟುಕುತ್ತದೆ. ಎಳೆಯ ನಕ್ಷತ್ರದ ಸುತ್ತ ಧೂಳಿನ ಬಳೆಯಿರುತ್ತದೆ. ಬೆಳಕಿನ ಏರಿಳಿತಕ್ಕೆ ಅದೇ ಕಾರಣ. ಲೋಹ ಕಡಿಮೆಯಿದ್ದಲ್ಲಿ ಆ ಬಳೆ ಬೇಗನೆ ಚದುರಿಹೋಗುತ್ತದೆಂದು ರಾಯರ ಪುಸ್ತಕ ಹೇಳುತ್ತಿತ್ತು. ಆದ್ದರಿಂದ ತಾನು ಹುಟ್ಟಿದ ಅನಿಲದ ಮೋಡ ಬಿಟ್ಟು ಹೊರಬರುವಷ್ಟರಲ್ಲಿ ಬಳೆ ಕಳೆದುಕೊಂಡ ನಕ್ಷತ್ರ ಮಿಟುಕಲಾರದೆಂದು, ಚಿತ್ರದಲ್ಲಿ ಮೋಡದ ಹೊರಗಿನ ಆಕಾಶಕ್ಕೆಲ್ಲ ಅವರು ಮೊದಲೇ ಕಪ್ಪು ಬಳಿದುಬಿಡುತ್ತಿದ್ದರು.

ಒಂದು ಭಾನುವಾರ, ಇನ್ನೂ ಬಳಿದಿರದಾಗ, ಹೊರಗೊಂದು ಮಿಟುಕಿದ್ದನ್ನು ಕಂಡು ತೋರಿಸಿದೆ.

“ಅದು ಎಳೇದಾಗೋಕೆ ಸಾಧ್ಯಾನೇ ಇಲ್ಲ ಸಾರ್. ಕ್ಯಾಮೆರಾ ದೋಷ,” ಎಂದರು ರಾಯರು.

“ನೋಡಲಾರದ ಹ್ಯಾಂಗ ಹೇಳ್ತೀರಿ?”

ಉಪ್ಪಿಟ್ಟು ತಂದ ಅವರ ಹೆಂಡತಿ ನಕ್ಕರು. “ನಕ್ಷತ್ರಕ್ಕೂ ವೀಸಾ ಕೇಳ್ತಾರೆ ನಮ್ಮೋರು.”

ಕೆಲವು ವಾರಗಳ ಬಳಿಕ, ಹ್ಯಾರೋದಲ್ಲಿ ನಮ್ಮ ಕನ್ನಡದವರ ಸಭೆಗೆ ರಾಯರು ಕಪ್ಪು ಬಳಿದ ಚಿತ್ರವನ್ನೇ ತೋರಿಸಿ, ಮೋಡದ ಹೊರಗೆ ಒಂದೂ ಸಿಗಲಿಲ್ಲವೆಂದರು. ನಾನು ಎದ್ದು ನಿಂತೆ. “ಹೊರಗ ನೋಡೀರೇನು, ರಾಯರ?”

“ಅಜ್ಜಾರು ಜಗಳಕ್ಕ ಗೆಲಾಕ್ಸಿಯನ್ನೂ ಬಿಡಂಗಿಲ್ಲ,” ಎಂದರು ನನ್ನ ನರೆ ನೋಡಿ ಹಿಂದಿನ ಸಾಲಿನಿಂದ ಯಾರೋ. ಸಭೆ ನಕ್ಕಿತು. ರಾಯರೂ ನಕ್ಕರು. ನಾನು ಬೇಡಿದ್ದು ಬಹುಮಾನವನ್ನಲ್ಲ. ಆ ನಕ್ಷತ್ರವನ್ನು ಇನ್ನೊಮ್ಮೆ ನೋಡಿರೆಂದಷ್ಟೇ. ಅವರ ಮನೆಗೆ ಮತ್ತೆ ಹೋಗಲಿಲ್ಲ. ವರ್ಷಗಳೇ ಕಳೆದವು.

ಮೊನ್ನೆ ರೈಲಿನಲ್ಲಿ ಅವರೇ ಬಂದು ಪಕ್ಕದಲ್ಲಿ ಕುಳಿತರು.

“ಆವತ್ತು ನೀವು ಹೋದ್ಮೇಲೆ ಮೂರನೇ ಚಿತ್ರ ಹಾಕಿ ನೋಡ್ದೆ ಸಾರ್. ನೀವು ತೋರಿಸಿದ ನಕ್ಷತ್ರ ಅದರಲ್ಲೂ ಬದಲಾಗಿತ್ತು. ಕ್ಯಾಮೆರಾ ದೋಷ ಅಲ್ಲ.”

“ಸಭಾಕ್ಕಿಂತ ಮೊದಲ ನೋಡಿದ್ರಿ?”

“ಹೂಂ. ಸ್ಲೈಡೆಲ್ಲ ರೆಡಿಯಾಗಿತ್ತಲ್ಲ.”

“ಹಂಗಾರ ಈಗರ ಹೇಳ್ರಿ ಎಲ್ಲಾರಿಗೂ.”

“ಈಗ್ಯಾಕೆ ಬಿಡಿ. ಯಾರಿಗೆ ನೆನಪಿದೆ?”

ರೇನರ್ಸ್ ಲೇನ್ ನಿಲ್ದಾಣದಲ್ಲಿ ಅವರು ಕೈ ಕುಲುಕಿ ಇಳಿದುಹೋದರು. ಪುಸ್ತಕವನ್ನು ಅತಿಯಾಗಿ ನಂಬಿ ಮೋಸಹೋದವರೆಂದು ಇಷ್ಟು ವರ್ಷವೂ ಅವರಿಗಾಗಿ ಮರುಗಿದ್ದೆ. ಕಂಡೂ ಮುಚ್ಚಿಟ್ಟರೆಂದು ತಿಳಿದ ಮೇಲೆ, ಇನ್ನು ಹಾಗೆ ಮರುಗುವ ಸಮಾಧಾನವೂ ನನಗಿಲ್ಲ.