ವಿಲೇಮನ ಪೆನ್ಸಿಲ್ ಪುಸ್ತಕ

ನನ್ನ ಗಂಡ ವಿಲೇಮ್ ಫೆಬ್ರವರಿಯಲ್ಲಿ ಸತ್ತ. ನಮ್ಮೂರು ಬ್ರನೋದ ಟ್ರಾಮ್ ನಿಲ್ದಾಣದಲ್ಲಿ ನಿಂತಿದ್ದವನು ಹಾಗೇ ಕುಸಿದ. ಎದೆಬಡಿತ ನಿಂತಿತು ಅಂದರು.

ಮೊದಲು ಅವನು ಲೇತ್ ಕೆಲಸದವನು. ಆಮೇಲೆ ಇಪ್ಪತ್ತೆರಡು ವರ್ಷ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸಿದ. ಉಕ್ಕಿನ ಚೂರನ್ನು ಮಸೆದು ಮಸೆದು, ಕಿರಣ ಹಾಯುವಷ್ಟು ತೆಳ್ಳಗೆ ಮಾಡಿ, ಅದರ ಒಳಗಿನ ಚಿತ್ರ ತೆಗೆಯುವುದು. ಕಿಟಕಿ ಇಲ್ಲದ ಕೋಣೆ. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಚಿತ್ರ ಅಲುಗುತ್ತದಂತೆ. ಅದಕ್ಕೇ ಮನೆಯಲ್ಲೂ ಬೆಕ್ಕಿನ ಹಾಗೆ ನಡೆಯುತ್ತಿದ್ದ. ಅದು ಯಂತ್ರ ಕಲಿಸಿದ ನಡಿಗೆ. ನನಗಾಗಿ ಕಲಿತದ್ದಲ್ಲ.

ಆ ಕೋಣೆಯಲ್ಲಿ ಅವನ ಪಕ್ಕ ಕೂರುತ್ತಿದ್ದವಳು ರಾದ್ಮಿಲಾ. ಓದಿದವಳು, ಅವನಿಗಿಂತ ಹದಿನೈದು ವರ್ಷ ಚಿಕ್ಕವಳು. ಅವರ ನಡುವೆ ಏನೂ ಇರಲಿಲ್ಲ, ನನಗೆ ಗೊತ್ತು. ಇದ್ದಿದ್ದರೆ ಬೈದು ಮುಗಿಸುತ್ತಿದ್ದೆ. ದಿನಕ್ಕೆ ಎಂಟು ಗಂಟೆ ಅವಳ ಜೊತೆ ಮಾತಾಡಿ, ಮನೆಗೆ ಬಂದು ಸೂಪ್ ಕುಡಿದು ಸುಮ್ಮನೆ ಕೂರುತ್ತಿದ್ದ. ಇವತ್ತೇನು ನೋಡಿದೆ ಅಂದರೆ, "ಉಕ್ಕು ಕಣೇ" ಅನ್ನುತ್ತಿದ್ದ.

ಏಪ್ರಿಲ್‌ನಲ್ಲಿ ಅವಳು ಬಂದಳು. ಬಾಗಿಲಲ್ಲಿ ಶೂ ಬಿಚ್ಚಿದಳು. ಬಂದವರಿಗೆ ಮನೆಯೊಳಗೆ ಹಾಕಿಕೊಳ್ಳಲು ಚಪ್ಪಲಿ ಕೊಡುವುದು ನಮ್ಮಲ್ಲಿ ರೂಢಿ. ನಾನು ಕೊಡಲಿಲ್ಲ.

"ಬ್ಲಾಜೆನಾ ಅವ್ರೇ, ವಿಲೇಮ್ ಪೆನ್ಸಿಲ್ಲಲ್ಲಿ ಒಂದು ಪುಸ್ತಕ ಬರೀತಿದ್ರು. ಇಲ್ಲಿದ್ಯಾ?"

"ಇದೆ. ಯಾಕೆ?"

"ಅವ್ರು ತೆಗೆದಿರೋ ಚಿತ್ರ ನಲವತ್ತು ಸಾವಿರ ಕಂಪ್ಯೂಟರಲ್ಲಿದೆ. ಅದ್ರಲ್ಲಿ ಒಂದಷ್ಟು ಉಲ್ಟಾ ಹೊಡೀತಿದೆ. ಕಾಯಿಸಿದ ಉಕ್ಕು ಕಾಯಿಸದೇ ಇರೋ ಥರ ಕಾಣ್ತಿದೆ. ಉಕ್ಕಿನ ಚೂರುಗಳು ಅದಲುಬದಲಾಗಿರ್ಬೇಕು."

"ನನ್ ಗಂಡ ತಪ್ಪು ಮಾಡಿದ ಅಂತೀಯಾ?"

"ಮಾಡಿದ್ರೆ ಬರೆದಿಟ್ಟಿರ್ತಾರೆ. ಯಂತ್ರ ಬರೆದ ಫೈಲನ್ನ ನಾವು ಮುಟ್ಟೋ ಹಾಗಿಲ್ಲ, ಹೆಸರೂ ತಿದ್ದೋ ಹಾಗಿಲ್ಲ. ತಿದ್ದುಪಡಿ ಏನಿದ್ರೂ ಪುಸ್ತಕದಲ್ಲೇ. ಅದು ಸಿಗ್ಲಿಲ್ಲ ಅಂದ್ರೆ ಯಾವ ಚಿತ್ರವನ್ನೂ ನಂಬೋಕಾಗಲ್ಲ. ಎಲ್ಲಾ ಪಕ್ಕಕ್ಕಿಡ್ತಾರೆ. ನಾವು ಪ್ರಕಟಿಸೋ ಲೇಖನದಲ್ಲಿ ಅವ್ರ ಹೆಸರೂ ಇರಲ್ಲ."

ಪುಸ್ತಕ ಅವನ ಅಂಗಿಗಳ ಕೆಳಗಿತ್ತು. ಮಣ್ಣು ಮಾಡಿದ ವಾರವೇ ತೆರೆದು ನೋಡಿದ್ದೆ. ಬರೀ ಅಂಕೆ. ನಡುನಡುವೆ 'ರಾ. ಜೊತೆ', 'ರಾ. ನೋಡಿದಳು'. ನನ್ನ ಹೆಸರು ಎಲ್ಲೂ ಇಲ್ಲ. ಆಲೂಗಡ್ಡೆ ಸಿಪ್ಪೆಯ ಜೊತೆ ಕಸಕ್ಕೆ ಹಾಕಿದ್ದೆ. ಆಮೇಲೆ ತೆಗೆದು ಒರೆಸಿಟ್ಟೆ.

"ಕೊಡಲ್ಲ," ಅಂದೆ. "ಹಗಲೆಲ್ಲಾ ಅವನು ನಿನಗಿದ್ದ. ಇದಾದ್ರೂ ನನಗಿರ್ಲಿ."

"ಹಗಲಿದ್ರು, ನಿಜ. ಆದ್ರೆ ನೀವು ಕಟ್ಟಿಕೊಟ್ಟ ಬ್ರೆಡ್ಡಲ್ಲಿ ನನಗೊಂದು ತುತ್ತೂ ಕೊಡ್ತಿರ್ಲಿಲ್ಲ ಕಣ್ರೀ. ಜಿಪುಣ!"

ನನಗೆ ನಗು ಬಂತು. ನಗಿಸಿದಳಲ್ಲ ಅಂತ ಅವಳ ಮೇಲೆ ಸಿಟ್ಟೂ ಬಂತು. ಆದರೆ ಅವನ ಹೆಸರು ಹೋಗುತ್ತದೆ ಅಂದದ್ದು ಒಳಗೆ ಚುಚ್ಚುತ್ತಿತ್ತು.

"ಪುಸ್ತಕ ಈ ಹೊಸಿಲು ದಾಟಲ್ಲ. ಬೇಕಾದ್ರೆ ಇಲ್ಲೇ ಕೂತು ಬರ್ಕೋ, ನನ್ ಕಣ್ಣೆದುರಿಗೆ."

ಗುರುವಾರ ಗುರುವಾರ ಬಂದಳು. ಅಡುಗೆಮನೆಯ ಮೇಜಿನ ಮೇಲೆ ಬರೆದುಕೊಂಡಳು. ನಾನು ಎದುರಿಗೆ ಕೂತು ಬಟಾಣಿ ಬಿಡಿಸಿದೆ. ಮೂರನೇ ಗುರುವಾರ ಒಂದು ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು: "ಚಿತ್ರ ೨೧೨ರಿಂದ ೪೬೦ರವರೆಗೆ ಚೂರುಗಳು ಅದಲುಬದಲು. ಚೂರಿಡುವ ಡಬ್ಬಿಯ ತಪ್ಪು ಕುಳಿಯಿಂದ ತೆಗೆದೆ. ತಪ್ಪು ನನ್ನದು."

"ನೋಡಿದ್ರಾ? ನಾನ್ ಹೇಳ್ಲಿಲ್ವಾ, ಬರೆದಿಟ್ಟಿರ್ತಾರೆ ಅಂತ!"

ಅವಳ ಮುಖ ಹೆಮ್ಮೆಯಿಂದ ಕೆಂಪಾಗಿತ್ತು. ನನ್ನ ಗಂಡನ ಬಗ್ಗೆ ಹೆಮ್ಮೆ. ಅದೂ ನನಗಿಂತ ಮೊದಲು.

ಹೆಸರು ಉಳಿಯಿತು. ನಾಲ್ಕನೇ ಗುರುವಾರ ಉಳಿದ ಪುಟ ಬರೆದುಕೊಳ್ಳುತ್ತಿದ್ದವಳು ಇದ್ದಕ್ಕಿದ್ದಂತೆ ಜೋರಾಗಿ ನಕ್ಕಳು. ಬಗ್ಗಿ ನೋಡಿದೆ. ಅಂಕೆ, ಬರೀ ಅಂಕೆ. ಮೂವತ್ತೆಂಟು ವರ್ಷ ಅವನ ಬಟ್ಟೆ ಒಗೆದವಳು ನಾನು. ಆ ಪುಟದಲ್ಲಿ ಅವಳಿಗೆ ಒಂದು ಇಡೀ ದಿನ ಕಂಡಿತು, ನನಗೆ ಏನೂ ಕಾಣಲಿಲ್ಲ.

ಪುಸ್ತಕ ಮುಚ್ಚಿ ಎದ್ದಳು. "ಮುಗೀತು ಬ್ಲಾಜೆನಾ ಅವ್ರೇ. ಇನ್ನು ನಿಮಗೆ ತೊಂದ್ರೆ ಕೊಡಲ್ಲ."

"ಕೂತ್ಕೋ," ಅಂದೆ. "ಅವನದು ಇನ್ನೂ ಎರಡು ಪುಸ್ತಕ ಇದೆ. ನಿನಗೆ ಹೇಳಿರ್ಲಿಲ್ಲ."