ಹತ್ತಿರದ ಆಂಟೆನಾದ ಉದ್ದನೆಯ ತಂತಿ

ನನ್ನ ನಾದಿನಿ ಇಪ್ಪತ್ತೆರಡು ವರ್ಷದಿಂದ ಒಂದು ಖಗೋಳ ಕೇಂದ್ರದಲ್ಲಿ ತಂತಿ ಅಳೆದು ಕತ್ತರಿಸುವ ಕೆಲಸ ಮಾಡುತ್ತಾಳೆ. ಅಲ್ಲಿ ಬಯಲಲ್ಲಿ ಹದಿನಾರು ಆಂಟೆನಾ ನಿಂತಿವೆ. ನಕ್ಷತ್ರಗಳಿಂದ ಬರುವ ರೇಡಿಯೋ ಅಲೆಗಳನ್ನು ಅವೆಲ್ಲ ಸೇರಿ ಒಂದೇ ದೊಡ್ಡ ಕಿವಿಯ ಹಾಗೆ ಕೇಳುತ್ತವೆ. ಅದಕ್ಕೆ ಎಲ್ಲದರ ತಂತಿಯೂ ಒಂದೇ ಉದ್ದ ಇರಬೇಕು. ಇಲ್ಲದಿದ್ದರೆ ಒಂದರ ಸುದ್ದಿ ಮೊದಲು ಬರುತ್ತದೆ, ಇನ್ನೊಂದರದು ಆಮೇಲೆ. ತಂತಿಗಳೆಲ್ಲ ಬಂದು ಸೇರುವ ಯಂತ್ರದ ಕೋಣೆಯ ಪಕ್ಕದಲ್ಲೇ ಇರುವ ಆಂಟೆನಾಗೂ ನೂರು ಮೀಟರ್ ತಂತಿಯೇ. ಮಿಕ್ಕಿದ್ದನ್ನು ಅದರ ಬುಡದಲ್ಲಿ ಸುರುಳಿ ಸುತ್ತಿಡುತ್ತಾಳೆ.

ಹೋದ ತಿಂಗಳು ಒಂದು ಬೆಳಿಗ್ಗೆ ಪರದೆಯ ಮೇಲೆ ಆ ಪಕ್ಕದ ಆಂಟೆನಾದ ಗೆರೆ ಉಳಿದವುಗಳ ಜೊತೆ ಹೊಂದಲಿಲ್ಲ. ಇಂಜಿನಿಯರು ಸಿಟ್ಟಾದರು.

“ತಂತಿ ಅಳತೆ ತಪ್ಪಿದೆ. ನಿಮಗೆ ಕಣ್ಣು ಮಂಜಾಗಿದೆ ಅಮ್ಮ. ಹೊಸ ಬಯಲಲ್ಲಿ ನಿಲ್ಲಿಸೋ ಆಂಟೆನಾಗಳ ಕೆಲಸ ಬೇರೆಯವರಿಗೆ ಕೊಡ್ತೀನಿ.”

ಆ ಹೊಸ ಕೆಲಸದ ಮೇಲೆ ಅವಳಿಗೆ ಜೀವವೇ ಇತ್ತು. ಆದರೂ ಸಮಾಧಾನವಾಗಿ, “ಕೊಡಿ ಸಾರ್. ಮೊದಲು ಒಂದ್ಸಲ ನೋಡ್ಕೊಂಡು ಬರ್ತೀನಿ,” ಅಂದಳು.

ಹೋಗಿ ನೋಡಿದರೆ ಸುರುಳಿಯೇ ಇಲ್ಲ. ಅಲ್ಲಿದ್ದ ಮೇಸ್ತ್ರಿ ಹೆಮ್ಮೆಯಿಂದ ಹೇಳಿದ: “ಅಕ್ಕಾ, ಸುಮ್ನೆ ಬಿದ್ದಿತ್ತು. ನಿನ್ನೆ ಕತ್ತರಿಸಿ ತೆಗೆದು ನೀಟಾಗಿ ಜೋಡಿಸಿದೀನಿ.”

“ಪುಣ್ಯಾತ್ಮ, ನನ್ನ ಕುತ್ತಿಗೆ ಒಂದು ಬಿಟ್ಟಿದೀಯಲ್ಲ!”

ಹೊಸ ತಂತಿಯನ್ನು ಮೂರು ಸಲ ಅಳೆದು ಕತ್ತರಿಸಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಹದಿನಾರು ಗೆರೆಗಳೂ ಒಂದರ ಮೇಲೊಂದು ಕೂತವು. ಸುರುಳಿ ಹೋದ ಕತೆ ಕೇಳಿ ಇಂಜಿನಿಯರು ತಲೆ ಕೆರೆದುಕೊಂಡರು.

“ಹೊಸ ಬಯಲಿನ ಅರವತ್ನಾಲ್ಕು ತಂತಿನೂ ನೀವೇ ಕತ್ತರಿಸಿ ಅಮ್ಮ.”

“ಆಗಲಿ ಸಾರ್. ಮೇಸ್ತ್ರಿ ಕತ್ತರಿ ಮಾತ್ರ ನನ್ನ ಹತ್ರಾನೇ ಇರಲಿ.”

ಸೋಮವಾರದಿಂದ ಹೊಸ ಬಯಲಿಗೆ ಹೋಗುತ್ತಿದ್ದಾಳೆ. ಇವತ್ತಿಗೆ ಹನ್ನೊಂದು ತಂತಿ ಮುಗಿದಿವೆ.