ಬಾವಿ ಅತ್ತೆಗೆ ಮುಟ್ಟು ನಿಂತ ಬೇಸಿಗೆ

ಹೋದ ತಿಂಗಳು ರಾಮನಗರದಲ್ಲಿ ಕರಕುಶಲ ವಸ್ತುಗಳ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಚನ್ನಪಟ್ಟಣದ ಗೊಂಬೆಗಳ ಮಳಿಗೆಯ ಪಕ್ಕದಲ್ಲಿ ಒಣಗಿದ ಸೋರೆಬುರುಡೆಗಳಿಗೆ ತೂತು ಕೊರೆದು, ಒಳಗೆ ಬಲ್ಬು ಇಟ್ಟು ತೂಗುಹಾಕಿದ್ದರು. ಒಂದನ್ನು ಇಳಿಸಿಕೊಂಡು ಮೂಗಿನ ಹತ್ತಿರ ಹಿಡಿದೆ. ಬಣ್ಣದ ವಾಸನೆಯ ಅಡಿಯಲ್ಲಿ ಇನ್ನೊಂದು ಹಳೆಯ ವಾಸನೆ... ಒಣಗಿದ ತಿರುಳಿನದು, ಅಟ್ಟದ ಹೊಗೆಯದು. ‘ಮೇಡಂ, ಹಾಲ್‌ನಲ್ಲಿ ಹಾಕಿದ್ರೆ ತುಂಬಾ ಚೆನ್ನಾಗಿರುತ್ತೆ’ ಅಂದಳು ಮಾರುವ ಹುಡುಗಿ. ನನಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು ಬಂತು. ಇದನ್ನು ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತವರಮ್ಮ ನಾವು, ತೂತು ಕೊರೆದರೆ ಮುಳುಗುತ್ತೆ ಅನ್ನಬೇಕೆನಿಸಿತು. ಪಾಪ, ಆ ಹುಡುಗಿಗೇನು ಗೊತ್ತು ಅಂತ ಬುರುಡೆಯನ್ನು ಮತ್ತೆ ತೂಗುಹಾಕಿ ಬಂದೆ.

ನನ್ನ ಬೆನ್ನಿಗೆ ಬುರುಡೆ ಕಟ್ಟಿ ನೀರಿಗೆ ತಳ್ಳಿದವಳು ಬಾವಿ ಅತ್ತೆ. ಸ್ವಂತ ಅತ್ತೆಯಲ್ಲ, ಪಕ್ಕದ ಮನೆಯವಳು. ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆ ನಮ್ಮೂರು. ಅವಳ ಗಂಡ ಬೇಗ ತೀರಿಹೋಗಿದ್ದ. ಭಾವ ಮತ್ತು ಓರಗಿತ್ತಿಯ ಜೊತೆ ಒಂದೇ ಮನೆಯಲ್ಲಿದ್ದಳು. ಆ ಓರಗಿತ್ತಿಯನ್ನು ನಾವು ದೊಡ್ಡಮ್ಮ ಅನ್ನುತ್ತಿದ್ದೆವು. ಅವರದು ರೇಷ್ಮೆಹುಳ ಸಾಕುವ ಮನೆತನ. ಹಿಪ್ಪುನೇರಳೆ ತೋಟದ ನಡುವೆ ಮೆಟ್ಟಿಲಿಳಿಯುವ ದೊಡ್ಡ ಕಲ್ಲುಕಟ್ಟಡದ ಬಾವಿ ಇತ್ತು.

ಒಂದು ವರ್ಷ ನಮ್ಮೂರ ಕೆರೆಯಲ್ಲಿ ಬಟ್ಟೆ ಒಗೆಯಲು ಹೋದ ಇಬ್ಬರು ಹುಡುಗಿಯರು ಮುಳುಗಿದರು. ದಡದ ತುಂಬಾ ಹೆಂಗಸರಿದ್ದರು. ಯಾರಿಗೂ ಈಜು ಬರುತ್ತಿರಲಿಲ್ಲ. ಬಾಯಿ ಬಡಿದುಕೊಂಡರು, ಅಷ್ಟೇ. ಅತ್ತೆಗೆ ಚಿಕ್ಕಂದಿನಲ್ಲಿ ಅವಳಪ್ಪ ಈಜು ಕಲಿಸಿದ್ದ, ಆದರೆ ಅವಳು ತೋಟದಿಂದ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆ ವರ್ಷದಿಂದ ಪ್ರತಿ ಬೇಸಿಗೆ ರಜೆಯಲ್ಲಿ ಊರ ಹೆಣ್ಣುಮಕ್ಕಳನ್ನು ಬಾವಿಗೆ ಇಳಿಸತೊಡಗಿದಳು. ಗಂಡಸರು ಕಲಿಸುತ್ತೇವೆಂದರೆ ಯಾವ ತಾಯಿಯೂ ಮಗಳನ್ನು ಕಳಿಸುತ್ತಿರಲಿಲ್ಲ. ಅವಳಿದ್ದರೆ ಈಜು ಉಂಟು, ಇಲ್ಲದಿದ್ದರೆ ಇಲ್ಲ.

ಅವಳದೇ ಒಂದು ಕಾನೂನಿತ್ತು. ರಜೆ ಮುಗಿಯುವುದರೊಳಗೆ ಬಾವಿಯ ತಳ ಮುಟ್ಟಿ ಒಂದು ಹಿಡಿ ಮಣ್ಣು ತಂದ ಹುಡುಗಿಗೆ ಮಾತ್ರ ಈಜು ಬಂತು ಅಂತ ಲೆಕ್ಕ. ಕಲಿಸುವವಳಿಗೂ ವಿನಾಯಿತಿ ಇರಲಿಲ್ಲ. ರಜೆಯ ಮೊದಲ ದಿನ ತಾನೇ ಮುಳುಗಿ, ತಳದ ಮಣ್ಣು ತಂದು ಮೆಟ್ಟಿಲ ಮೇಲೆ ಇಟ್ಟು, ‘ಹೂಂ, ಇಳೀರಮ್ಮಿ ಈಗ’ ಅನ್ನುವಳು. ಹೆದರಿ ನಿಂತವರಿಗೆ ಬೈಗುಳದ ಮಳೆ. ಅವಳ ಬೈಗುಳಕ್ಕೆ ಹೆದರಿಯೇ ನಾವು ನೀರಿಗೆ ಬೀಳುತ್ತಿದ್ದೆವು.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಅತ್ತೆಗೆ ಮುಟ್ಟು ನಿಂತಿತು. ಇದು ನನಗೆ ಹೇಗೆ ಗೊತ್ತು ಅಂತೀರಾ? ಬೀದಿಗೆಲ್ಲ ಗೊತ್ತಿತ್ತು! ಹುಳ ಸಾಕುವ ಕೋಣೆಗೆ ಮುಟ್ಟಾದವರು ಕಾಲಿಡುವಂತಿರಲಿಲ್ಲ, ನೆರಳು ಬಿದ್ದರೂ ಹುಳ ಕೆಡುತ್ತದೆ ಅನ್ನುತ್ತಿದ್ದರು. ಯಾರು ಯಾವಾಗ ಹೊರಗೆ ಕೂತರು, ಯಾರು ಕೂರಲಿಲ್ಲ ಅನ್ನುವುದು ಹಾಗಾಗಿ ಜಗಲಿಯ ಮೇಲಿನ ಮಾತು. ಹಿಂದಿನ ವರ್ಷವೆಲ್ಲ ಅತ್ತೆ ಹೊರಗೆ ಕೂತದ್ದೇ ಕೂತದ್ದು, ಸ್ರಾವ ನಿಲ್ಲುತ್ತಲೇ ಇರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ತಿಂಗಳುಗಟ್ಟಲೆ ಇಲ್ಲವೇ ಇಲ್ಲ. ಹುಳದ ಮನೆಗೆ ಇನ್ನು ಇವಳೇ ಲಕ್ಷ್ಮಿ ಅಂದರು ಎಲ್ಲರೂ. ತಿಂಗಳ ಮೂವತ್ತು ದಿನವೂ ಒಳಗಿರಬಹುದಲ್ಲ! ದುಡಿಸಿಕೊಳ್ಳಲು ಸಿಕ್ಕವಳನ್ನು ಲಕ್ಷ್ಮಿ ಅನ್ನುವುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು.

ಆದರೆ ಅವಳ ಮೈಯಲ್ಲಿ ಏನಾಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಸೊಪ್ಪು ಹಾಕುತ್ತಾ ಹಾಕುತ್ತಾ ಎದೆಯಿಂದ ಕಿವಿಯವರೆಗೆ ಕಾವು ಏರಿ, ಸೆರಗು ತೊಯ್ಯುವಷ್ಟು ಬೆವತು, ಗಾಳಿಯಾಡದ ಆ ಕೋಣೆಯಿಂದ ಹೊರಗೆ ಓಡಿ ಬರುತ್ತಿದ್ದಳು. ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿರುತ್ತಿತ್ತು. ಎಡಭುಜ ಸೆಟೆದುಕೊಂಡು ಕೈ ಕಿವಿಯ ಮೇಲಕ್ಕೆ ಏಳುತ್ತಿರಲಿಲ್ಲ. ಮೊದಲೆಲ್ಲ ಬಾವಿಯ ಈ ದಡದಿಂದ ಆ ದಡಕ್ಕೆ ನಮ್ಮನ್ನು ಬೈಯುತ್ತಲೇ ಈಜುತ್ತಿದ್ದವಳು ಆ ವರ್ಷ ರಜೆಗೆ ಮುಂಚೆ ನಾನು ಜೊತೆಗಿಳಿದಾಗಲೇ ನಾಲ್ಕು ಸುತ್ತಿಗೇ ಮೆಟ್ಟಿಲು ಹಿಡಿದು ಏದುಸಿರು ಬಿಡುತ್ತಿದ್ದಳು. ನಾನು ಅವಳನ್ನು ಹಿಂದೆ ಹಾಕಿದೆ. ಗೆದ್ದೆ ಅಂತ ಕೇಕೆ ಹಾಕಿದವಳು ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ರಜೆಯ ಮೊದಲ ದಿನ ಎಂದಿನಂತೆ ಮಣ್ಣು ತರಲು ಮುಳುಗಿದಳು. ಅರ್ಧಕ್ಕೇ ಉಸಿರು ಸಾಲದೆ ಮೇಲೆ ಬಂದಳು. ಕೆಮ್ಮಿದಳು, ಮತ್ತೆ ಮುಳುಗಿದಳು, ಮತ್ತೆ ಬಂದಳು. ಕೈ ಖಾಲಿ. ಪಂಪ್‌ಹೌಸಿನ ಹತ್ತಿರ ನಿಂತಿದ್ದ ಅವಳ ಭಾವ ಎಲ್ಲವನ್ನೂ ನೋಡಿದ.

‘ಸಾಕು ಬುಡವ್ವ. ನಿಂತೋದ್ ಮೇಲೆ ಮೈನಾಗೆ ಏನೈತೆ? ನೀನು ಮುಳುಗಿ, ನಿನ್ನ ಜೊತೆ ಯಾರ್‌ದಾದ್ರೂ ಮಗೀನೂ ಮುಳುಗಿದ್ರೆ ಊರ್‌ನೋರ್ಗೆ ನಾನ್ ಏನಂತ ಹೇಳ್ಲಿ? ತೆಪ್ಪಗೆ ಹುಳದ್ ಮನೆ ನೋಡ್ಕೊ.’

ಅವನು ಕೆಟ್ಟವನಲ್ಲ. ಆ ಮಾತಿನಲ್ಲಿ ನ್ಯಾಯವೂ ಇತ್ತು. ಆದರೆ ‘ಮೈನಾಗೆ ಏನೈತೆ’ ಅಂದದ್ದಿದೆಯಲ್ಲ... ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮಾರನೆಯ ದಿನ ಹೋಗಿ ನೋಡಿದರೆ ಬಾವಿಯ ಮೆಟ್ಟಿಲಿಗೆ ಜಾಲಿಮುಳ್ಳು ಹೊದಿಸಿದ್ದ. ನಾವು ಹುಡುಗಿಯರು ಬುರುಡೆಗಳನ್ನು ಹೊತ್ತು ವಾಪಸಾದೆವು. ನಮ್ಮಲ್ಲಿ ಇನ್ನೂ ಕೈಕಾಲು ಬಡಿಯಲೂ ಬಾರದ ಚಿಕ್ಕವರೇ ಹೆಚ್ಚು. ಕೆರೆಗೆ ಬಟ್ಟೆ ಒಗೆಯಲು ಹೋಗುವುದು ಅವರಿಗೇನು ತಪ್ಪುವುದೇ?

ಅಮ್ಮ ಅತ್ತೆಯನ್ನು ಒತ್ತಾಯ ಮಾಡಿ ಮಾಗಡಿಯ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ನಾನೂ ಜೊತೆಗೆ ಹೋದೆ. ಪರದೆಯ ಈಚೆ ಕೂತವಳಿಗೆ ಡಾಕ್ಟರ ಮಾತೆಲ್ಲ ಕೇಳಿಸುತ್ತಿತ್ತು. ಹಿಂದಿನ ವರ್ಷದ ಸ್ರಾವದಿಂದ ರಕ್ತ ಬಹಳ ಕಮ್ಮಿಯಾಗಿದೆ, ಅದಕ್ಕೇ ಏದುಸಿರು. ಈ ವಯಸ್ಸಿನಲ್ಲಿ ಸ್ನಾಯು ಸೊರಗುತ್ತದೆ, ಕೀಲು ಬಿಗಿಯುತ್ತದೆ, ಆದರೆ ಮೂಲೆ ಹಿಡಿದು ಕೂತರೆ ಇನ್ನಷ್ಟು ಕೆಡುತ್ತದೆ. ಈಜು ಬಿಡಬೇಡಿ, ಒಬ್ಬರೇ ಇಳಿಯಬೇಡಿ, ಉಸಿರು ಕಟ್ಟಿ ತಳಕ್ಕೆ ಹೋಗುವುದು ಬೇಡವೇ ಬೇಡ, ಮೊದಲಿನ ವೇಗ ಬೇಕೆಂದು ಹಠ ಮಾಡಬೇಡಿ ಅಂದರು.

ವಾಪಸು ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ತಿರುಗಿ, ‘ವೇಗ ಯಾರಿಗ್ ಬೇಕಂತಮ್ಮಿ? ನಾನೇನ್ ರೈಲಾ?’ ಅಂದಳು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಸಾಧನೆ. ಡಾಕ್ಟರು ಕೊಟ್ಟ ಮಾತ್ರೆ ನುಂಗುವಳು, ನುಗ್ಗೆಸೊಪ್ಪು ಹುರುಳಿಕಾಳು ತಿನ್ನುವಳು. ಕೊಟ್ಟಿಗೆಯ ಗೋಡೆಗೆ ಎದುರಾಗಿ ನಿಂತು ಎಡಗೈ ಬೆರಳುಗಳನ್ನು ಒಂದೊಂದೇ ಮೇಲಕ್ಕೆ ಹತ್ತಿಸುವಳು, ಹಲ್ಲು ಕಚ್ಚಿ ನೋವು ತಡೆಯುವಳು. ‘ಅಕ್ಕೋ, ಹಲ್ಲಿ ಆಗೋದ್ಯಾ?’ ಅಂತ ದಾರಿಹೋಕರು ಕಿಚಾಯಿಸಿದರೆ, ‘ಹೂಂ ಕಣ್ಲಾ, ಲೊಚಗುಟ್ಟಿದ್ರೆ ನಿಂಗೆ ಅಪಶಕುನ, ಹುಷಾರು’ ಅನ್ನುವಳು. ಸೊಪ್ಪಿನ ಮಂಕರಿಯನ್ನು ಬೇಕೆಂದೇ ಎರಡೂ ಕೈಯಲ್ಲಿ ಎತ್ತಿ ಇಳಿಸುವಳು. ಒಂದೊಂದು ದಿನ ಏನೂ ಆಗದು, ಜಗಲಿಯ ಮೇಲೆ ಸುಮ್ಮನೆ ಬಿದ್ದಿರುವಳು. ಮಾತನಾಡಿಸಿದರೆ ಸಿಡಿಯುವಳು. ಆ ದಿನಗಳಲ್ಲಿ ನಾವು ಹತ್ತಿರ ಹೋಗುತ್ತಿರಲಿಲ್ಲ.

ರಜೆ ಅರ್ಧ ಕಳೆದಿರಬೇಕು. ಒಂದು ಬೆಳಿಗ್ಗೆ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ, ಕವೆಗೋಲಿನಲ್ಲಿ ಜಾಲಿಮುಳ್ಳನ್ನು ಎಳೆದು ಎಳೆದು ಪಕ್ಕಕ್ಕೆ ಹಾಕಿದಳು. ಸದ್ದು ಕೇಳಿ ಭಾವ ಬಂದ. ಹಿಂದೆಯೇ ದೊಡ್ಡಮ್ಮ ಬಂದಳು, ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರೂ ಬಂದರು.

‘ಮಣ್ ತತ್ತೀಯಾ?’ ಅಂದ ಭಾವ. ‘ತಂದ್ರೆ ಕಲ್ಸು. ನಿಂದೇ ಕಾನೂನು.’

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ‘ತರಾಕಿಲ್ಲ ಭಾವ. ನನ್ನ ಉಸ್ರು ಅಷ್ಟ್ ದೂರ ಬರಾಕಿಲ್ಲ ಈಗ. ಕಾನೂನ್ ಮಾಡ್ದೋಳೂ ನಾನೇ, ಮುರಿಯೋಳೂ ನಾನೇ. ಈ ಮಕ್ಳನ್ನ ತಳಕ್ ಕಳ್ಸಾಕಲ್ಲ ನಾನಿರಾದು, ಮ್ಯಾಕ್ ತರಾಕೆ. ಮುಟ್ ನಿಂತೈತೆ ಅಂತ ತೋಳು ಬಿದ್ದೋಗಿಲ್ಲ. ನಂಬ್ಕೆ ಇಲ್ವಾ? ಯಾರ್‌ನಾರಾ ನೀರಿಗ್ ತಳ್ಳಿ, ತತ್ತೀನಿ.’

ಭಾವನ ಎದುರು ಅಷ್ಟು ಮಾತು ಆಡಿದ್ದೇ ದೊಡ್ಡದು. ಆಗ ಹಿಂದಿನಿಂದ ದೊಡ್ಡಮ್ಮ, ‘ನನ್ನ ತಳ್ಳವ್ವ’ ಅಂದಳು.

ದೊಡ್ಡಮ್ಮನೆಂದರೆ ಭಾರೀ ಆಳು. ಗಂಡನ ಎದುರು ತಲೆ ಎತ್ತಿ ನಿಂತದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಮೊಣಕಾಲಿಗಿಂತ ಆಳದ ನೀರಿಗೆ ಅವಳು ಇಳಿದವಳೇ ಅಲ್ಲ.

‘ಏನೇ, ತಲೆ ಕೆಟ್ಟೈತಾ?’ ಅಂದ ಗಂಡ.

‘ಕೆಟ್ಟಿತ್ತು. ನಂಗೆ ನಿಂತ್ ಕಾಲ್ದಾಗೆ ಕೆಟ್ಟಿತ್ತು. ರಾತ್ರಿಯೆಲ್ಲ ಮೈಗೆ ಬೆಂಕಿ ಹಚ್ದಂಗೆ ಆಗ್ತಿತ್ತು. ಎದ್ದೋಗಿ ಹುಳಕ್ಕೆ ಸೊಪ್ಪಾಕ್ದೆ. ಒಂದ್ ದಿನ ಕೇಳಿದ್ರಾ ನೀವು? ಈ ತಣ್ಣೀರು ಇಲ್ಲೇ ಇತ್ತು, ನಂಗ್ ಇಳಿಯಾಕ್ ಬರ್ತಿರ್ಲಿಲ್ಲ.’ ಅಷ್ಟು ಹೇಳಿ ಅತ್ತೆಗೆ ಬೆನ್ನು ತಿರುಗಿಸಿ ನಿಂತಳು. ‘ಕಟ್ಟವ್ವ ಬುರುಡೆ.’

ಅತ್ತೆ ಒಂದಲ್ಲ, ಎರಡು ಬುರುಡೆ ಕಟ್ಟಿದಳು. ದೊಡ್ಡಮ್ಮ ಮೆಟ್ಟಿಲಿಂದ ಜಾರಿ ಧೊಪ್ಪನೆ ಬಿದ್ದಳು. ನೀರು ಕುಡಿದಳು, ದೇವರನ್ನೆಲ್ಲ ಕೂಗಿದಳು, ಕೈಕಾಲು ಬಡಿದು ಬಾವಿಯ ನಡುವಿಗೇ ಹೋಗಿಬಿಟ್ಟಳು. ಭಾವ ಅಂಚಿಗೆ ಓಡಿ ಬಂದ. ಅವನಿಗೂ ಈಜು ಬರುತ್ತಿರಲಿಲ್ಲ! ಅತ್ತೆ ಇಳಿದಳು. ಹಿಂದಿನ ರಭಸವಿರಲಿಲ್ಲ. ಓರಗಿತ್ತಿಯ ಹಿಂದಕ್ಕೆ ಹೋಗಿ, ಗಲ್ಲದ ಕೆಳಗೆ ಎಡಗೈ ಕೊಟ್ಟು, ಬಲಗೈಯಲ್ಲಿ ನೀರು ಎಳೆಯುತ್ತಾ, ನಡುನಡುವೆ ಮಲಗಿದಂತೆ ತೇಲಿ ಉಸಿರು ತಗೊಳ್ಳುತ್ತಾ ನಿಧಾನವಾಗಿ ಬಂದಳು. ಎಷ್ಟು ನಿಧಾನ ಅಂದರೆ ನನಗೆ ಅಳುವೇ ಬಂತು. ಆದರೆ ಎಲ್ಲಿಯೂ ಕೈ ಬಿಡಲಿಲ್ಲ. ಮೆಟ್ಟಿಲಿಗೆ ತಂದು ಕೂರಿಸಿದಳು.

ದೊಡ್ಡಮ್ಮ ಕೆಮ್ಮಿ ಕೆಮ್ಮಿ ಮೂಗು ಒರೆಸಿಕೊಂಡು ಗಂಡನನ್ನು ನೋಡಿದಳು. ‘ನಾಳೆಗೂ ಬತ್ತೀನಿ’ ಅಂದಳು.

ಭಾವ ಪಂಪ್‌ಹೌಸಿನ ಕಡೆ ನಡೆದ. ಮುಳ್ಳು ಮತ್ತೆ ಮೆಟ್ಟಿಲಿಗೆ ಬರಲಿಲ್ಲ. ಆ ಬೇಸಿಗೆಯಲ್ಲಿ ಚಿಕ್ಕ ಹುಡುಗಿಯರು ಬಹಳ ಮಂದಿ ಈಜು ಕಲಿತರು. ದೊಡ್ಡಮ್ಮ ಮಾತ್ರ ಕಲಿಯಲೇ ಇಲ್ಲ. ದಿನಾ ಬಂದು ಕೊನೆಯ ಮೆಟ್ಟಿಲಲ್ಲಿ ಕುತ್ತಿಗೆಯವರೆಗೆ ನೀರಲ್ಲಿ ಕೂತು, ‘ಅಬ್ಬಾ, ಶಿವನೇ’ ಅನ್ನುತ್ತಿದ್ದಳು. ಒಬ್ಬೊಬ್ಬರಾಗಿ ಬೀದಿಯ ಆ ವಯಸ್ಸಿನ ಹೆಂಗಸರೂ ಬಂದು ಅವಳ ಪಕ್ಕ ಕೂತರು. ಹೊರಗೆ ಆಡದ ಮಾತೆಲ್ಲ ಅಲ್ಲಿ ಆಡುತ್ತಿದ್ದರು.

ಅತ್ತೆ ಆಮೇಲೆ ಎಂದಾದರೂ ತಳ ಮುಟ್ಟಿದಳೋ ಇಲ್ಲವೋ... ಒಮ್ಮೆ ಮುಟ್ಟಿದಳು ಅಂತ ನೆನಪು. ಅದು ನೆನಪೋ, ನನ್ನ ಆಸೆಯೋ ತಿಳಿಯದು. ನಿಧಾನವಾಗಿಯಂತೂ ಬಹಳ ವರ್ಷ ಈಜಿದಳು. ಸುತ್ತಲೆಲ್ಲ ಬೋರ್‌ವೆಲ್ ಕೊರೆದ ಮೇಲೆ ಬಾವಿ ಬತ್ತಿತು. ನೀರು ಹೋದ ಮೇಲೆ ಅವಳು ಸೊರಗಿದಳು ಅಂತ ಅಮ್ಮ ಹೇಳುತ್ತಿದ್ದಳು. ಅವಳು ಹೋದ ಸುದ್ದಿ ನನಗೆ ತಿಳಿದದ್ದು ಮಣ್ಣಾದ ಮೇಲೆ. ಈಗ ಆ ಬಾವಿಯಲ್ಲಿ ಪ್ಲಾಸ್ಟಿಕ್ಕು, ಒಡೆದ ಇಟ್ಟಿಗೆ ತುಂಬಿದೆ. ನಮ್ಮೂರ ಇವತ್ತಿನ ಹುಡುಗಿಯರಿಗೆ ಈಜು ಬರುವುದಿಲ್ಲ. ಇದು ನನ್ನ ಹೊಟ್ಟೆ ಉರಿಸುವ ಸಂಗತಿ, ಮುಚ್ಚಿಡುವುದೇಕೆ?

ನನಗೂ ಈಗ ಐವತ್ತೆರಡು. ಮುಟ್ಟು ನಿಂತಿದೆ. ಹೆಂಗಸರಿಗೆಂದು ಬಿಟ್ಟ ಹೊತ್ತಿನಲ್ಲಿ ರಾಮನಗರದ ಈಜುಕೊಳಕ್ಕೆ ಹೋಗುತ್ತೇನೆ. ವರ್ಷದ ಹಿಂದೆ ಸಲೀಸಾಗಿ ಮುಗಿಸುತ್ತಿದ್ದ ಸುತ್ತುಗಳಿಗೆ ಈಗ ನಡುವೆ ಎರಡು ಸಲ ನಿಲ್ಲಬೇಕು. ‘ನಿಮ್ಮ ವಯಸ್ಸಿಗೆ ವಾಕಿಂಗ್ ಸಾಕು ಆಂಟಿ’ ಅಂದಳು ಅಲ್ಲಿ ಕಲಿಸುವ ಹುಡುಗಿ. ‘ನೀನು ನಡಿಯಮ್ಮ, ನಾನು ಈಜ್ತೀನಿ’ ಅಂದೆ. ಬಾಯಲ್ಲಿ ಹಾಗೆ ಅಂದರೂ ಕೆಲವು ದಿನ ಭಯವಾಗುತ್ತದೆ. ಆ ಜಗಲಿಯ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದ ದಿನಗಳಲ್ಲಿ ನೀನು ಏನು ಯೋಚಿಸುತ್ತಿದ್ದೆ ಅತ್ತೆ, ಮತ್ತೆ ಹೇಗೆ ಎದ್ದೆ... ಕೇಳೋಣವೆಂದರೆ ಅವಳಿಲ್ಲ.

ಮೊನ್ನೆ ನನ್ನ ವಯಸ್ಸಿನ ಹೆಂಗಸೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗು ನೀರಲ್ಲಿತ್ತು, ಅವಳು ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಿದ್ದಳು. ಮುಖವೆಲ್ಲ ಕೆಂಪೇರಿ ಬೆವರು ಸುರಿಯುತ್ತಿತ್ತು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು. ನಾನು ಈಜುತ್ತಾ ಹತ್ತಿರ ಬಂದಾಗ, ‘ನಿಮಗ್ಯಾರು ಕಲಿಸಿದ್ದು?’ ಅಂದಳು.

‘ನಮ್ಮೂರಲ್ಲಿ ಒಬ್ಬಳಿದ್ದಳು’ ಅಂದೆ. ‘ಈಗಿಲ್ಲ.’

ನಾನು ಕೈ ಚಾಚಿದೆ.

‘ಬನ್ನಿ, ಇಳೀರಿ.’